ಲಕ್ಕಿಸೊಪ್ಪು ಮತ್ತು ಇಬ್ಬರು ಬೀಗರು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ. ಆಮೇಲೆ ಎಲ್ಲೂ ನಿಂತವನಲ್ಲ. ಉಮ್ಮತ್ತೂರಿನಲ್ಲಿ ಮಾತ್ರ ನಿಲ್ಲೋಣ ಅನ್ನಿಸಿತ್ತು. ಲಕ್ಕಿಸೊಪ್ಪಿಗೆ ನೋವು ತಗ್ಗುತ್ತದೆಯೇ ಎಂದು ಪರೀಕ್ಷಿಸಲು ಬಂದಿದ್ದ ಮೇಡಂಗೆ ಚಾಮರಾಜನಗರದಿಂದ ಐಸ್ ತಂದುಕೊಡುವ ಕೆಲಸ. ಪರೀಕ್ಷೆ ಗೆದ್ದರೆ ಕಾಯಂ ಮಾಡಿಸುತ್ತೇನೆ ಎಂದಿದ್ದರು.

ಮೊದಲು ಬರಿಗೈಯನ್ನು ಐಸ್ ನೀರಿನಲ್ಲಿ ಅದ್ದಿ, ನೋವು ತಡೆಯದಾದಾಗ ತೆಗೆಯಬೇಕು. ಆಮೇಲೆ ಸೊಪ್ಪು ಅರೆದು ಹಚ್ಚಿಕೊಂಡು ಮತ್ತೆ ಅದ್ದಬೇಕು. ಹೆಚ್ಚು ಹೊತ್ತು ತಡೆದರೆ ಸೊಪ್ಪು ಗೆದ್ದಂತೆ. ಮೊದಲು ಬಂದವರು ಮಾದಪ್ಪ ಮತ್ತು ಅವನ ಮಗಳನ್ನು ಸೊಸೆಯಾಗಿ ತಂದುಕೊಂಡಿದ್ದ ಬಸವಣ್ಣ. ಬೀಗರ ಬಕೆಟ್ಟುಗಳನ್ನು ಅಕ್ಕಪಕ್ಕ ಇಟ್ಟದ್ದೇ ತಪ್ಪಾಯಿತು.

“ನೋಯ್ತಾ ಅದಾ ಬೀಗ್ರೇ?” ಎಂದ ಮಾದಪ್ಪ.

“ಏನ್ ನೋವು ಬುಡಿ, ತಂಪಾಗದೆ. ನಿಮ್ಗೆ?”

“ನಂಗೆ ನಿದ್ದೆ ಬತ್ತಾ ಅದೆ.”

ಇಬ್ಬರ ತುಟಿಯೂ ನಡುಗುತ್ತಿತ್ತು. ಮೇಡಂ ಗಾಬರಿಯಾಗಿ “ಸಾಕು, ತೆಗೀರಿ!” ಎಂದರೆ, “ಮೊದ್ಲು ಅವ್ರು ತೆಗೀಲಿ ಬುಡ್ರವ್ವಾ” ಎಂದರು ಇಬ್ಬರೂ. ಐಸೆಲ್ಲ ಕರಗಿ ನೀರಾಯಿತು. ಊರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು; ಆಮೇಲೆ ಬಂದವರೂ ಕೈ ತೆಗೆಯಲಿಲ್ಲ. ಇಲ್ಲದ ನೋವನ್ನು ಸೊಪ್ಪು ಹೇಗೆ ತಗ್ಗಿಸೀತು? ಮೇಡಂ ಪರೀಕ್ಷೆ ನಿಲ್ಲಿಸಿ ತಮ್ಮ ಊರಿಗೆ ಹೊರಟರು, ನನ್ನ ಕೆಲಸವೂ ಹೋಯಿತು.

ಬ್ಯಾಗಿಗೆ ಬಟ್ಟೆ ತುರುಕುತ್ತಿದ್ದಾಗ ಮಾದಪ್ಪ ಒಬ್ಬನೇ ಬಂದ. “ಒಸಿ ಸೊಪ್ಪು ಹಚ್ಬುಡ್ಲಾ, ಕೈ ಸತ್ತೋಗದೆ. ಬೀಗ್ರಿಗೆ ಹೇಳ್ಬ್ಯಾಡ ಕಣ್ಲಾ.”

ಹಚ್ಚಿ, ಬ್ಯಾಗ್ ಹೆಗಲಿಗೇರಿಸಿದೆ. ಬೀಗರು ಆಗಲೇ ಬಂದು ಹಚ್ಚಿಸಿಕೊಂಡು ಹೋದದ್ದನ್ನು ಮಾತ್ರ ಹೇಳಲಿಲ್ಲ.