ಗೇರ್ ಬೀಳದ ತಿರುವು

ನಮ್ಮ ಬೈಕಿನ ಎಡಗಡೆಯಿಂದ ಎಣ್ಣೆ ಸೋರುತ್ತಿತ್ತು. ಎರಡು ವರ್ಷದಿಂದ ಸೋರುತ್ತಿತ್ತು. ಕಗ್ಗದಾಸಪುರದಲ್ಲಿ ನಾನಿರುವ ಬಾಡಿಗೆ ಮನೆಯ ಕೆಳಗೆ, ಕಾರುಗಳ ನಡುವೆ ಅದು ಹೊದಿಕೆ ಹೊದ್ದು ನಿಂತಿರುತ್ತಿತ್ತು. ಅಡಿಯಲ್ಲಿ ಒಂದು ಹಳೆಯ ತಟ್ಟೆ ಇಟ್ಟಿದ್ದೆ. ಭಾನುವಾರ ಬೆಳಿಗ್ಗೆ ಕೆಳಗಿಳಿದು, ಹೊದಿಕೆ ತೆಗೆದು, ಐದು ನಿಮಿಷ ಎಂಜಿನ್ ಓಡಿಸಿ, ತಟ್ಟೆಯಲ್ಲಿ ಬಿದ್ದ ಎಣ್ಣೆ ನೋಡುತ್ತಿದ್ದೆ. "ನೋಡು, ಅವಳು ಮಾಡಿಟ್ಟ ಕೆಲಸ" ಎಂದು ಮನಸ್ಸಿನಲ್ಲೇ ಬೈದು, ಮತ್ತೆ ಹೊದಿಸಿ ಮೇಲೆ ಹೋಗುತ್ತಿದ್ದೆ. ವಾರಕ್ಕೊಮ್ಮೆಯಾದರೂ ಅವಳ ಜೊತೆ ಮಾತಾಡಿದ ಹಾಗಾಗುತ್ತಿತ್ತು.

ಅವಳು ಅಂದರೆ ನನ್ನ ಗೆಳತಿ. ಕಂಟೋನ್ಮೆಂಟಿನ ಒಂದು ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಇಬ್ಬರೂ ಇಪ್ಪತ್ತು ವರ್ಷ ಅಕ್ಕಪಕ್ಕ ಕೆಲಸ ಮಾಡಿದವರು. ನಲವತ್ತು ದಾಟಿದ ಮೇಲೆ ಇಬ್ಬರಿಗೂ ಒಟ್ಟಿಗೆ ಹುಚ್ಚು ಹಿಡಿದು ಈ ಬೈಕು ಕೊಂಡೆವು. ದೂರದ ದಾರಿಗೆಂದೇ ಮಾಡಿದ, ಎರಡೂ ಬದಿಗೆ ಪೆಟ್ಟಿಗೆ ತಗುಲಿಸಿದ, ಇನ್ನೊಬ್ಬರ ಕೈಯಲ್ಲಿ ಆಗಲೇ ಸಾಕಷ್ಟು ಸವೆದಿದ್ದ ಭಾರಿ ಗಾಡಿ. ಅವಳಿಗೆ ಗಂಡ, ಮಗಳು, ಇಂದಿರಾನಗರದಲ್ಲಿ ಮಾವ ಕಟ್ಟಿಸಿದ ಮನೆ. ನನಗೆ ಅಮ್ಮ ಇದ್ದಳು, ಹೋದಳು. ಆಮೇಲೆ ಇದ್ದದ್ದು ಇವಳೊಬ್ಬಳೇ. ತಿಂಗಳಿಗೊಂದು ಶನಿವಾರ ಇಬ್ಬರೂ ಊರು ಬಿಡುತ್ತಿದ್ದೆವು. ದಾರಿ ಹುಡುಕುವುದು, ತಿಂಡಿ ಕಟ್ಟುವುದು ಅವಳ ಪಾಲು. ಗಾಡಿಯ ರಿಪೇರಿ ನನ್ನ ಪಾಲು. ಒಂಬತ್ತು ವರ್ಷ ಯಾವ ಮೆಕಾನಿಕ್ಕಿಗೂ ನಾನು ಅದನ್ನು ಮುಟ್ಟಲು ಬಿಟ್ಟಿರಲಿಲ್ಲ. ಅದೊಂದು ಜಂಬ ನನಗೆ.

ಎರಡು ವರ್ಷದ ಹಿಂದೆ ಯೇರ್ಕಾಡಿಗೆ ಹೋಗಿ, ಘಾಟಿ ಇಳಿಯುವಾಗ ಬಿದ್ದೆವು. ಓಡಿಸುತ್ತಿದ್ದವಳು ಅವಳು. ತಿರುವಿನಲ್ಲಿ ಗಾಡಿ ವೇಗ ತಗ್ಗದೆ ಅಂಚಿನ ಜಲ್ಲಿಗೆ ಹೋಗಿ ಎಡಕ್ಕೆ ಮಗುಚಿತು. ನನಗೆ ಮೊಣಕಾಲು ತರಚಿತು. ಅವಳು ಎಡಗೈ ಊರಿ ಬಿದ್ದಳು, ಮಣಿಕಟ್ಟು ಮುರಿಯಿತು. ಕೈ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕೂತವಳು ಮೊದಲು ಹೇಳಿದ್ದು, "ಗೇರ್ ಬೀಳ್ಲಿಲ್ಲ ಕಣೆ. ಒತ್ತಿದೆ, ಬೀಳ್ಲೇ ಇಲ್ಲ."

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹಿಂದಿನ ದಿನವಷ್ಟೇ ಗೇರ್ ಶಾಫ್ಟಿಗೆ ಎಣ್ಣೆ ತಡೆಯುವ ಹೊಸ ರಬ್ಬರ್ ಸೀಲ್ ಹಾಕಿ, ಲಿವರ್ ಬಿಗಿದು ಕೊಟ್ಟವಳು ನಾನು. ನನ್ನ ಕೆಲಸಕ್ಕೇ ಹೆಸರಿಡುತ್ತಾಳಲ್ಲ ಎನ್ನಿಸಿತು. ಸುತ್ತ ಟೀ ಅಂಗಡಿಯವರು, ಬೇರೆ ಬೈಕಿನವರು ನೋಡುತ್ತ ನಿಂತಿದ್ದರು. ಅವರೆಲ್ಲರ ಎದುರು ಅಂದುಬಿಟ್ಟೆ: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಓಡ್ಸೋಕೆ ಬರಲ್ಲ ಅಂದ್ರೆ ಹಿಂದೆ ಕೂತ್ಕೋಬೇಕಿತ್ತು."

ಅವಳು ಮತ್ತೆ ಮಾತಾಡಲಿಲ್ಲ. ಊರಿಗೆ ಬಂದ ಮೇಲೆ ನಮ್ಮ ಆಸ್ಪತ್ರೆಯಲ್ಲಿ ಅವಳ ಕೈಯ ಎಕ್ಸ್-ರೇ ತೆಗೆದವಳು ನಾನೇ. ಕೈ ಹೀಗಿಡು, ತಿರುಗಿಸು, ಅಲುಗಾಡಬೇಡ ಎಂದದ್ದು ಬಿಟ್ಟರೆ ನನ್ನ ಬಾಯಿಂದ ಇನ್ನೇನೂ ಬರಲಿಲ್ಲ. ಅವಳೇ ಮೊದಲು ತಪ್ಪು ಒಪ್ಪಿಕೊಳ್ಳಲಿ ಎಂದು ಕಾಯುತ್ತಿದ್ದೆ. ಅವಳು ಒಪ್ಪಿಕೊಳ್ಳಲಿಲ್ಲ. ರಜೆ ಮುಗಿದ ಮೇಲೆ ಕೆಲಸವನ್ನೇ ಬಿಟ್ಟಳು. ಕೈ ಪೂರ್ತಿ ತಿರುಗುವುದಿಲ್ಲವಂತೆ ಎಂದು ಬೇರೆಯವರು ಹೇಳಿದರು.

ಬೈಕು ಲಾರಿಯಲ್ಲಿ ಬಂತು. ಗೇರ್ ಲಿವರ್ ಲೊಡಲೊಡ ಅನ್ನುತ್ತಿತ್ತು, ಅದರ ಬುಡದಿಂದ ಎಣ್ಣೆ ಇಳಿಯುತ್ತಿತ್ತು. ಬಿದ್ದ ಏಟಿಗೆ ಶಾಫ್ಟ್ ಬಗ್ಗಿದೆ ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ. ಬಿಚ್ಚಿ ನೋಡಲಿಲ್ಲ. ರಿಪೇರಿ ಮಾಡಿ ಯಾರ ಜೊತೆ ಹೋಗುವುದು?

ಈ ಬೇಸಿಗೆಯಲ್ಲಿ ಮನೆ ಮಾಲೀಕರು ಪಾರ್ಕಿಂಗಿಗೆ ಹೊಸ ಟೈಲ್ಸ್ ಹಾಕಿಸಿದರು. "ಮೇಡಂ, ಒಂದೋ ರಿಪೇರಿ ಮಾಡ್ಸಿ, ಇಲ್ಲ ಕೊಟ್ಬಿಡಿ" ಎಂದರು. ನೆಲದಲ್ಲಿ ಕೂತು ಕೆಲಸ ಮಾಡಲು ನನ್ನ ಸೊಂಟ ಈಗ ಒಪ್ಪುವುದಿಲ್ಲ. ಜಂಬ ಬದಿಗಿಟ್ಟು ಶಿವಾಜಿನಗರಕ್ಕೆ ಹೊರಟೆ. ಹೇಗೋ ಎರಡನೇ ಗೇರಿಗೆ ಹಾಕಿ, ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಅದರಲ್ಲೇ ಉರುಳಿದೆ. ಇಂದಿರಾನಗರದ ಸಿಗ್ನಲ್ಲಿನಲ್ಲಿ ಆಟೋದವನೊಬ್ಬ, "ಆಂಟೀ, ನಡ್ಕೊಂಡೇ ಹೋಗ್ಬೋದಿತ್ತಲ್ಲ" ಎಂದ. ಅವನಿಗೆ ಹೇಳಬೇಕಾದದ್ದನ್ನು ಹೇಳಿ, ಎಡಕ್ಕೆ ಅವಳ ಮನೆಯ ಕಡೆ ತಿರುಗಿಯೂ ನೋಡದೆ ಹಲಸೂರಿನತ್ತ ಹೋದೆ.

ಶಿವಾಜಿನಗರದ ಮೆಕಾನಿಕ್ ಅರವತ್ತರ ಆಸುಪಾಸಿನವರು. ಅಂಗಡಿಯಲ್ಲಿ ಅವರೊಬ್ಬರೇ. ಹಳೆಯ ಗಾಡಿ ಕಂಡು ಅವರಿಗೆ ಖುಷಿಯಾಯಿತು. "ಬಿದ್ದಿದೆ ಭಾಯ್, ಶಾಫ್ಟ್ ಬಗ್ಗಿದೆ, ಬದಲಾಯಿಸ್ಬೇಕು" ಎಂದು ರೋಗವನ್ನೂ ಮದ್ದನ್ನೂ ನಾನೇ ಹೇಳಿಕೊಟ್ಟೆ. "ನೋಡಣ ಮೇಡಂ, ನೋಡಣ" ಎನ್ನುತ್ತ ಅವರು ಲಿವರ್ ಬಿಚ್ಚಿದರು. ಎಣ್ಣೆ ಇಳಿಸಿ, ಬಲಗಡೆಯ ಕವರ್ ಬಿಚ್ಚಿ, ಶಾಫ್ಟನ್ನು ಹೊರಗೆಳೆದರು. ಪೆಟ್ರೋಲಿನಲ್ಲಿ ತೊಳೆದು ಒರೆಸಿ, ಬೆಂಚಿನ ಮೇಲಿದ್ದ ದಪ್ಪ ಗಾಜಿನ ಮೇಲಿಟ್ಟು, ಅದರ ಕೊಕ್ಕೆಯಿರುವ ತುದಿಯನ್ನು ಗಾಜಿನಾಚೆ ಬಿಟ್ಟು ಬೆರಳಲ್ಲಿ ಉರುಳಿಸಿದರು. ಅದು ಒಂದಿಷ್ಟೂ ಎಗರದೆ ಸಲೀಸಾಗಿ ಉರುಳಿತು.

"ಸೀದಾ ಇದೆ."

"ಸರಿಯಾಗಿ ನೋಡಿ ಭಾಯ್. ಎಡಕ್ಕೇ ಬಿದ್ದಿದ್ದು."

"ಅರೆ, ಬಗ್ಗಿದ್ರೆ ಎಗರ್ತಿತ್ತಲ್ಲ ಮೇಡಂ. ಬನ್ನಿ ಇಲ್ಲಿ."

ಶಾಫ್ಟಿನ ತುದಿಯಲ್ಲಿ ಲಿವರ್ ಕಚ್ಚಿಕೊಳ್ಳಲೆಂದು ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಅವು ಸವೆದು ನುಣ್ಣಗಾಗಿದ್ದವು. ಆಮೇಲೆ ಅವರು ಲಿವರ್ ಬಿಗಿಯುವ ಬೋಲ್ಟನ್ನು ಅಂಗೈ ಮೇಲಿಟ್ಟು ತೋರಿಸಿದರು. "ಇದು ಈ ಗಾಡಿದಲ್ಲ. ಥ್ರೆಡ್ ಅರ್ಧಕ್ಕೇ ಮುಗಿಯುತ್ತೆ, ಅಲ್ಲೇ ಸಿಕ್ಕೊಂಡು ನಿಲ್ಲುತ್ತೆ. ಕೈಗೆ ಟೈಟ್ ಅನ್ಸುತ್ತೆ, ಆದ್ರೆ ಲಿವರ್ ಹಿಡ್ಕೊಂಡಿರಲ್ಲ. ಮೇಲಿಂದ ಸೀಲ್ ಬೇರೆ ಹರಿದಿದೆ, ಎಣ್ಣೆ ಬಂದು ಜಾರುತ್ತೆ. ಕಾಲಲ್ಲಿ ಒತ್ತಿದ್ರೆ ಲಿವರ್ ತಿರುಗುತ್ತೆ, ಶಾಫ್ಟ್ ತಿರುಗಲ್ಲ. ಗೇರ್ ಹೆಂಗೆ ಬೀಳುತ್ತೆ?"

ನಾನು ಆ ಬೋಲ್ಟನ್ನು ಕೈಗೆ ತೆಗೆದುಕೊಂಡೆ.

"ಬಿದ್ದಿದ್ದಕ್ಕೆ ಹಿಂಗಾಗಿರೋದಲ್ಲ ಮೇಡಂ. ಹಿಂಗಿದ್ದಿದ್ದಕ್ಕೇ ಬಿದ್ದಿರ್ತೀರ. ಯಾರ್ ಹಾಕಿದ್ದು ಈ ಬೋಲ್ಟು?"

ನನ್ನ ಡಬ್ಬಿಯಿಂದ ಹುಡುಕಿ ತೆಗೆದ ಬೋಲ್ಟ್ ಅದು. ಸರಿಯಾದದ್ದು ಸವೆದಿತ್ತು. ಮಾರನೇ ದಿನ ಬೆಳಿಗ್ಗೆ ಹೊರಡಬೇಕಿತ್ತು, ಅಂಗಡಿಗೆ ಹೋಗಿ ಬರಲು ಸೋಮಾರಿತನ. ಹಿಡಿಯಿತು, ಬಿಗಿಯಾಯಿತು, ಸಾಕು ಎಂದುಕೊಂಡಿದ್ದೆ.

"ಯಾರೋ ಮೆಕಾನಿಕ್" ಎಂದೆ.

"ಯಾವನೋ ತಲೆಕೆಟ್ಟವನು. ಜನರ ಜೀವದ ಜೊತೆ ಆಟ ಆಡ್ತಾರೆ."

"ಹೌದು ಭಾಯ್" ಎಂದೆ. ಐವತ್ತೈದು ವರ್ಷದ ನಾನು, ಇಲ್ಲದ ಒಬ್ಬ ಮೆಕಾನಿಕ್ಕಿಗೆ ಬೈಗುಳ ತಿನ್ನಿಸಿ ಸ್ಟೂಲಿನ ಮೇಲೆ ಕೂತೆ.

ಅವರು ಪೆಟ್ಟಿಗೆಯಿಂದ ಬೇರೊಂದು ಶಾಫ್ಟ್ ಹುಡುಕಿ ತೆಗೆದು ಕೂರಿಸಿದರು. ಹೊಸ ಸೀಲ್ ತೂರಿಸುವ ಮೊದಲು ಅದರ ಹಲ್ಲುಗಳ ಮೇಲೆ ತೆಳ್ಳನೆಯ ಟೇಪ್ ಸುತ್ತಿ, ಎಣ್ಣೆ ಸವರಿ, ಸೀಲನ್ನು ಮೆಲ್ಲಗೆ ತಳ್ಳಿ, ಟೇಪ್ ಎಳೆದುಹಾಕಿದರು. ಹಾಗೆ ಸುತ್ತದಿದ್ದರೆ ಹಲ್ಲು ತಾಗಿ ರಬ್ಬರ್ ಹರಿಯುತ್ತದಂತೆ. ನಾನು ಸುತ್ತಿರಲಿಲ್ಲ. ಪಕ್ಕದ ಹೋಟೆಲಿನ ಸುಲೇಮಾನಿ ಟೀ ಕೈಯಲ್ಲೇ ಆರಿತು. ಎರಡು ವರ್ಷ ತಟ್ಟೆಯಲ್ಲಿ ನೋಡಿಕೊಂಡು ಬೈದದ್ದು ನನ್ನ ಕೆಲಸಕ್ಕೇ ಎಂದು ಗೊತ್ತಾದಾಗ ಅಳು ಬಂತು. ಪೆಟ್ರೋಲಿನ ವಾಸನೆಗೆ ಕಣ್ಣುರಿ ಎಂದೆ.

ಮಧ್ಯಾಹ್ನದ ಹೊತ್ತಿಗೆ ಗಾಡಿ ತಯಾರಾಯಿತು. ಒಂದು, ಎರಡು, ಮೂರು, ಗೇರುಗಳು ಹೇಳಿದ ಹಾಗೆ ಕೇಳಿದವು. ಇಂದಿರಾನಗರದ ತಿರುವಿನಲ್ಲಿ ಈ ಸಲ ತಿರುಗಿದೆ. ಅವಳ ಬೀದಿಯಲ್ಲಿ ಮನೆ ಅಂತ ಉಳಿದಿರುವುದು ಅವಳದೊಂದೇ. ಒಂದು ಪಕ್ಕಕ್ಕೆ ಪಬ್ಬು, ಇನ್ನೊಂದು ಪಕ್ಕಕ್ಕೆ ಬಟ್ಟೆ ಅಂಗಡಿ. ಅವಳೇ ಬಾಗಿಲು ತೆರೆದಳು. ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದಳು.

"ಬಾ" ಎಂದಳು. ಗೇಟಿನಾಚೆ ನೋಡಿ, "ಇನ್ನೂ ಇಟ್ಕೊಂಡಿದೀಯಾ ಅದನ್ನ?" ಎಂದಳು.

ಕೂರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಬೋಲ್ಟು, ಸೀಲು, ಗಾಜಿನ ಮೇಲೆ ಉರುಳಿದ ಶಾಫ್ಟು, ಮೆಕಾನಿಕ್ಕಿಗೆ ಹೇಳಿದ ಸುಳ್ಳೂ ಸೇರಿ. "ನೀನು ಹೇಳಿದ್ದು ನಿಜ. ತಪ್ಪು ನಂದು. ನಿನ್ನ ಕೈ ನನ್ನಿಂದ ಹೋಯ್ತು" ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ಕಾಫಿ ತಂದಳು. ಲೋಟಗಳನ್ನು ಬಲಗೈಯಲ್ಲಿ ಒಂದೊಂದಾಗಿ ತಂದಿಟ್ಟಳು. ಎಡಗೈ ಸೆರಗಿನಲ್ಲಿತ್ತು.

"ಗೇರ್ ಬಿತ್ತೋ ಬಿಡ್ತೋ, ಅದಲ್ಲ ಕಣೆ" ಎಂದಳು. "ಎಕ್ಸ್-ರೇ ತೆಗೀತಿದ್ಯಲ್ಲ, ನೋವಾಗ್ತಿದ್ಯಾ ಅಂತ ಒಂದ್ ಮಾತು ಕೇಳ್ತೀಯ ಅನ್ಕೊಂಡೆ. ಬರೋ ಪೇಷಂಟ್‌ಗೆಲ್ಲ ಕೇಳ್ತಿದ್ದೆ ನೀನು. ಆಮೇಲೆ ಫೋನಾದ್ರೂ ಮಾಡ್ತೀಯ ಅಂತ ಒಂದ್ ವರ್ಷ ಕಾದೆ. ಈಗ ನೀನಿಲ್ದೆ ಅಭ್ಯಾಸ ಆಗೋಗಿದೆ."

ಅವಳು ಕೋಪದಿಂದ ಹೇಳಲಿಲ್ಲ. ಕೋಪವಾಗಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

"ನಂಗಿನ್ನೂ ಅಭ್ಯಾಸ ಆಗಿಲ್ಲ" ಎಂದೆ.

ಅವಳು ಕಿಟಕಿಯಾಚೆ ನೋಡುತ್ತ ಕೂತಳು. ನಾನು ಕಾಫಿ ಮುಗಿಸಿದೆ. ಇನ್ನೂ ಕೂರಲು ಕಾರಣವಿರಲಿಲ್ಲ. ಬಾಗಿಲಲ್ಲಿ ಶೂ ಹಾಕಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು, "ಬರ್ತೀನಿ" ಎಂದೆ.

"ಹುಷಾರಾಗಿ ಹೋಗು" ಎಂದಳು.

ಹೋಗಿ ಬಾ ಎಂದಿದ್ದರೆ ಸಾಕಿತ್ತು ನನಗೆ.