ಮಹಡಿ ಮನೆಗೆ ಒಕ್ಕಲು ಹುಡುಕಿದ್ದು

ಮನೆ ಕಟ್ಟಿಸಿದವರಿಗೆಲ್ಲ ಬರುವ ಕಾಯಿಲೆ ನನಗೂ ಬಂದಿದೆ. ಹಾಸನದ ಯಾವ ಬೀದಿಯಲ್ಲಿ ಹೋಗಲಿ, 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ಕಂಡರೆ ಸ್ಕೂಟರ್ ತಾನಾಗಿ ನಿಲ್ಲುತ್ತದೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ಬೋರಿನದೋ ನಲ್ಲಿಯದೋ ಎಂದು ವಿಚಾರಿಸುತ್ತೇನೆ. ಪಾಪ, ಅವರು ನನ್ನನ್ನು ಗಿರಾಕಿ ಎಂದುಕೊಂಡು ಬೀಗದ ಕೈ ತರಲು ಒಳಗೆ ಓಡುತ್ತಾರೆ. ಅವರು ಬರುವಷ್ಟರಲ್ಲಿ ನಾನು ಪಕ್ಕದ ಬೀದಿ ಸೇರಿರುತ್ತೇನೆ.

ಕಾರಣ, ನಮ್ಮ ಮನೆಯ ಮೇಲೆ ಸಾಲ ಮಾಡಿ ಕಟ್ಟಿಸಿದ ಮಹಡಿ. ಹಳೇಕೋಟೆ ಕಡೆಯ ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆಲೂಗೆಡ್ಡೆ ಕಿತ್ತ ಕೈಯಲ್ಲೇ ಬಿ.ಕಾಂ. ಬರೆದು, ಎಂ.ಕಾಂ. ಮುಗಿಸಿ, ಈಗ ಕಾಲೇಜಿನಲ್ಲಿ ಮಕ್ಕಳಿಗೆ ಬಂಡವಾಳದ ಪ್ರತಿಫಲ ಲೆಕ್ಕ ಹಾಕುವುದನ್ನು ಹೇಳಿಕೊಡುತ್ತೇನೆ. ನಮ್ಮ ತಾತ ಇನ್ನೊಬ್ಬರ ಹೊಲಕ್ಕೆ ಒಕ್ಕಲಾಗಿದ್ದವರು. ನಮ್ಮ ಕಡೆ ಬಾಡಿಗೆಗೆ ಇರುವವರನ್ನೂ ಒಕ್ಕಲು ಎಂದೇ ಕರೆಯುತ್ತಾರೆ. ಒಕ್ಕಲ ಮೊಮ್ಮಗ ಒಕ್ಕಲನ್ನು ಇಡುವ ಮಟ್ಟಕ್ಕೆ ಬಂದನಲ್ಲ ಎಂದು ಒಳಗೊಳಗೇ ಒಂದಿಷ್ಟು ಬೀಗಿದ್ದೂ ಉಂಟು.

ಆ ಬೀಗುವಿಕೆ ಇಳಿದದ್ದು ಲೆಕ್ಕ ಹಾಕಿದ ಮೇಲೆ. ವರ್ಷದ ಬಾಡಿಗೆಯಲ್ಲಿ ಕಂದಾಯ, ಸುಣ್ಣಬಣ್ಣ, ಮನೆ ಖಾಲಿ ಬೀಳುವ ತಿಂಗಳು ಎಲ್ಲ ಕಳೆದು, ಉಳಿದದ್ದನ್ನು ಹಾಕಿದ ದುಡ್ಡಿನ ಜೊತೆ ತೂಗಿದರೆ ಬ್ಯಾಂಕಿನ ಠೇವಣಿಯೇ ವಾಸಿ! ವರ್ಷಗಟ್ಟಲೆ ಪಾಠ ಮಾಡಿದವನು ಕಟ್ಟಿಸುವ ಮೊದಲು ಈ ಲೆಕ್ಕ ಯಾಕೆ ಮಾಡಲಿಲ್ಲ ಎನ್ನುವುದು ನನಗೆ ಇನ್ನೂ ಕುತೂಹಲದ ವಿಷಯ. ಅವ್ವನೂ ಅದನ್ನೇ ಕೇಳಿದಳು.

"ಅಂಗಾರೆ ಯಾಕ್ಲಾ ಕಟ್ಟುಸ್ದೆ?"

"ಮುಂದೆ ಬೆಲೆ ಏರ್ತದೆ ಕಣವ್ವ. ಬೂವನಹಳ್ಳಿಗೆ ಏರ್‌ಪೋರ್ಟ್ ಬತ್ತದಂತೆ."

"ಇಮಾನದಾಗ್ ಬಂದೋರು ನಿನ್ ಮಾಡಿ ಮನೇಗ್ ಬಂದು ಇಳ್ಕತಾರೇನ್ಲಾ?"

ಆದಾಯ ಹೆಚ್ಚಿಸುವುದು ಕೈಲಿಲ್ಲದ ಮೇಲೆ ಒಳ್ಳೆಯ ಜನರನ್ನಾದರೂ ಆರಿಸೋಣ ಎಂದುಕೊಂಡೆ. ಆದರೆ ಒಳ್ಳೆಯವರೆಂದು ಕಂಡುಹಿಡಿಯುವುದು ಹೇಗೆ? ನಾನು ಓದುವಾಗ ಇದೇ ಹಾಸನದಲ್ಲಿ ರೂಮು ಹುಡುಕಿ ಅಲೆದಿದ್ದೇನೆ. ಆಗ ಓನರುಗಳಿಗೆ ಒಂದೇ ಪ್ರಶ್ನೆ ಸಾಕಿತ್ತು: "ನಿಮ್ಮ ಮನೆದೇವ್ರು ಯಾವ್ದಪ್ಪಾ?" ಭಕ್ತಿಯಿಂದ ಕೇಳಿದಂತೆಯೇ ಇರುತ್ತಿತ್ತು. ದೇವರ ಹೆಸರು ಹೇಳಿದ ಕೂಡಲೇ ರೂಮು ಇದ್ದಕ್ಕಿದ್ದಂತೆ ಅವರ ತಂಗಿಯ ಮಗನಿಗೆ ಬೇಕಾಗಿಬಿಡುತ್ತಿತ್ತು. ಜನ್ಮದಲ್ಲಿ ಆ ಪ್ರಶ್ನೆ ಕೇಳಬಾರದು ಎಂದು ಆಗಲೇ ನಿಶ್ಚಯ ಮಾಡಿದ್ದೆ. ಕೇಳಲೂ ಇಲ್ಲ. ಅದರ ಬದಲು ಮೇಷ್ಟ್ರಿಗೆ ತಿಳಿದ ದಾರಿ ಹಿಡಿದೆ: ಬಂದವರಿಗೆಲ್ಲ ಮನಸ್ಸಿನಲ್ಲೇ ಅಂಕ ಕೊಡತೊಡಗಿದೆ. ಖಾಯಂ ಸಂಬಳಕ್ಕೆ ಇಷ್ಟು, ಮೆತ್ತಗೆ ಮಾತಾಡಿದ್ದಕ್ಕೆ ಇಷ್ಟು. ಗೋಡೆ ಮೇಲೆ ಗೀಚುವ ವಯಸ್ಸಿನ ಮಕ್ಕಳಿದ್ದರೆ ಕಡಿತ.

ಚನ್ನರಾಯಪಟ್ಟಣದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ಡಿಸ್ಟಿಂಕ್ಷನ್ ಪಡೆದರು. ಗಂಡ ಹೆಂಡತಿ ಇಬ್ಬರೇ, ಬಾಡಿಗೆಯಲ್ಲಿ ಚೌಕಾಸಿ ಇಲ್ಲ. ಕೊಣನೂರಿನ ಶೋಭಾ ಎಂಬಾಕೆ ಪಾಸಾಗುವುದೇ ಕಷ್ಟವಿತ್ತು. ಆಸ್ಪತ್ರೆಯಲ್ಲಿ ನರ್ಸು, ಹೊತ್ತಲ್ಲದ ಹೊತ್ತಿನಲ್ಲಿ ಗೇಟಿನ ಸದ್ದು; ಗಂಡ ಟಿಲ್ಲರ್ ರಿಪೇರಿ ಮೆಕ್ಯಾನಿಕ್, ಒಂದೊಂದು ತಿಂಗಳು ಒಂದೊಂದು ಆದಾಯ; ಪೆನ್ಸಿಲ್ ಹಿಡಿದ ಎರಡು ಮಕ್ಕಳು. "ಯೋಚನೆ ಮಾಡಿ ಹೇಳ್ತೀನಮ್ಮಾ" ಎಂದು ಹೇಳಿ ಕಾಲೇಜಿಗೆ ಹೊರಟೆ. ಬ್ಯಾಂಕಿನವರಿಗೆ ಭಾನುವಾರ ಫೋನ್ ಮಾಡಿ ಒಪ್ಪಿಗೆ ಹೇಳುವುದೆಂದು ತೀರ್ಮಾನವೂ ಆಗಿತ್ತು.

ಶನಿವಾರ ಶೋಭಾ ಅವರದೇ ಫೋನು ಬಂತು. "ಸಾ, ಸೋಮವಾರ ದಿನ ಚೆನ್ನಾಗದಂತೆ. ಹಾಲುಕ್ಕುಸ್ಬುಡ್ತೀವಿ."

"ಯಾವ ಮನೇಲಮ್ಮಾ?"

"ನಿಮ್ ಮನೇಲೇ ಸಾ! ಅವ್ವಾರು ಕಾಯಿ, ಎಲೆ ಅಡಿಕೆ ಕೊಟ್ಟು ಕಳುಸಿದ್ರಲ್ಲಾ. ನಾವು ಹಳೇ ಓನರ್‌ಗೆ ಬಿಡ್ತೀವಿ ಅಂತ ಹೇಳ್ಬುಟ್ವಿ. ಅವರು ಬೇರೆಯವರತ್ರ ಆಗ್ಲೇ ಅಡ್ವಾನ್ಸ್ ಇಸ್ಕಂಡವ್ರೆ."

ನಮ್ಮ ಕಡೆ ಮಾತುಕತೆಯ ಕೊನೆಗೆ ಎಲೆ ಅಡಿಕೆ ಕೈಗೆ ಬಂದರೆ ಮುಗಿಯಿತು. ಹೆಣ್ಣು ನಿಶ್ಚಯವಾಗುವುದೂ ಹಾಗೇ, ಬೆಳೆಯ ಪಾಲಿಗೆ ಹೊಲ ವಾರಕ್ಕೆ ಕೊಡುವುದೂ ಹಾಗೇ. ಛಾಪಾ ಕಾಗದವೆಲ್ಲ ಆಮೇಲಿನ ಮಾತು. ಈಗ ಇಲ್ಲ ಎಂದರೆ ಎರಡು ಮಕ್ಕಳ ಸಂಸಾರ ಸೋಮವಾರ ಬೀದಿಯಲ್ಲಿ.

"ಯಾಕವ್ವ ಕೊಟ್ಟೆ?" ಎಂದು ಅವ್ವನ ಮೇಲೆ ಹಾರಿದೆ.

"ಮೊದಲ್ನೇ ಸಲ ಬಂದ ಹೆಣ್ಮಗಳ್ನ ಬರೀ ಕೈಲಿ ಕಳುಸ್ತಾರೇನ್ಲಾ?"

"ಮನೆ ಕೊಟ್ಟಂಗೆ ಅಂದ್ಕಂಡವ್ಳೆ ಕಣವ್ವ!"

"ಅದ್ರಲ್ಲೇನ್ ತಪ್ಪು? ನಾನಾಗಿದ್ರೂ ಅಂಗೇ ಅನ್ಕತಿದ್ದೆ. ಓದ್ದೋನು ನೀನು, ಬ್ಯಾಡ ಅಂತ ನೀನೇ ಓಗಿ ಹೇಳು."

ಹೋಗಲಿಲ್ಲ. ಹೋಗಲು ಚಪ್ಪಲಿ ಮೆಟ್ಟಿದ್ದು ನಿಜ. ಆದರೆ ರೂಮು ಕೊಡುತ್ತೇವೆಂದು ಹೇಳಿ, ನಾನು ಟ್ರಂಕು ಹೊತ್ತು ಹೋದ ಮೇಲೆ ಇಲ್ಲ ಎಂದ ಒಬ್ಬ ಓನರ್ ಗೇಟಿನ ಹತ್ತಿರವೇ ನೆನಪಾದರು. ಚಪ್ಪಲಿ ಬಿಟ್ಟು ಒಳಗೆ ಬಂದು ಬ್ಯಾಂಕಿನವರಿಗೆ ಫೋನ್ ಮಾಡಿದೆ. ಬಹಳ ಬೇಜಾರಿನ ದನಿಯಲ್ಲಿ, ಮನೆ ಬೇರೆಯವರಿಗೆ ಹೋಯಿತೆಂದು ಹೇಳಿದೆ.

"ಅಯ್ಯೋ, ಪರವಾಗಿಲ್ಲ ಸಾರ್," ಎಂದರು ಅವರು ಹಗುರಾಗಿ. "ನಿಮ್ಮ ಮನೆ ನಮ್ಮ ಲೆಕ್ಕದಲ್ಲಿ ನಾಲ್ಕನೇದಿತ್ತು. ಮನೆ ಚೆನ್ನಾಗಿದೆ, ಓನರ್ ಪ್ರಶ್ನೆ ಜಾಸ್ತಿ ಕೇಳ್ತಾರೆ ಅಂದ್ಲು ನಮ್ಮ ಮನೆಯವಳು."

ಪರೀಕ್ಷಕನಿಗೂ ಪರೀಕ್ಷೆ ನಡೆಯುತ್ತಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾವು ಅವರ ಸಂಬಳ ಅಳೆಯುವಾಗ ಅವರು ನಮ್ಮ ಮುಖ ಅಳೆಯುತ್ತಿರುತ್ತಾರೆ. ಫಲಿತಾಂಶ ಮಾತ್ರ ಗೇಟಿಗೆ ಅಂಟಿಸುವುದಿಲ್ಲ.

ಸೋಮವಾರ ಬೆಳಿಗ್ಗೆ ಮೇಲೆ ಹಾಲುಕ್ಕಿತು. ಅವ್ವ ಸಂಭ್ರಮದಿಂದ ಹೋಗಿ ಬಂದಳು. ನಾನು ಗಂಭೀರವಾಗಿ ಪೇಪರ್ ಹಿಡಿದು, ಓನರ್ ಎನ್ನುವವನು ಹೇಗೆ ಕೂರಬೇಕೋ ಹಾಗೆ ಕೂತಿದ್ದೆ. ಅಷ್ಟರಲ್ಲಿ ಮಹಡಿಯಿಂದ ಶೋಭಾ ದನಿ:

"ಸಾ, ಅಡಿಗೆಮನೆ ನಲ್ಲಿ ಸೋರ್ತಾ ಅದೆ! ವಸಿ ಬತ್ತೀರಾ?"

ಕಾಫಿ ಅರ್ಧಕ್ಕೇ ಬಿಟ್ಟು, ಪಂಚೆ ಮೇಲೆತ್ತಿ ಕಟ್ಟಿ, ಸ್ಪ್ಯಾನರ್ ಹುಡುಕಿಕೊಂಡು ಮೆಟ್ಟಿಲು ಹತ್ತಿದೆ. ನಾನು ಓನರ್ ಆದದ್ದು ಆಗಲೇ ಇರಬೇಕು.