ಭಾನುವಾರ ಬಟ್ಟೆ ಒಗೆದವಳು

ರಾಜಾಜಿನಗರದಲ್ಲಿ ನಮ್ಮ ಕ್ರೈಸ್ತ ಸಭೆ ಶುರುವಾದಾಗ ಅದಕ್ಕೊಂದು ಕಟ್ಟಡವಿರಲಿಲ್ಲ. ಐವತ್ತರ ದಶಕದ ನಡುವಿನ ವರ್ಷಗಳು. ಬ್ಲಾಕುಗಳಿಗೆ ನಂಬರು ಬಂದಿತ್ತು, ರಸ್ತೆಗಳಿಗೆ ಇನ್ನೂ ಜಲ್ಲಿ ಬಿದ್ದಿರಲಿಲ್ಲ. ನಮ್ಮ ಮನೆಯ ಹಜಾರದಲ್ಲೇ ಭಾನುವಾರ ಬೆಳಿಗ್ಗೆ ಮೂವತ್ತು ಜನ ಚಾಪೆಯ ಮೇಲೆ ಕೂರುತ್ತಿದ್ದೆವು. ಪೇಟೆಯ ಕಡೆಯಿಂದ ಪಾದ್ರಿ ಅಯ್ಯನವರು ಸೈಕಲ್ಲಿನಲ್ಲಿ ಬಂದು ಆರಾಧನೆ ನಡೆಸಿ ಹೋಗುತ್ತಿದ್ದರು. ಅವರಿಗಿನ್ನೂ ಚಿಕ್ಕ ವಯಸ್ಸು. ಹಾಗಾಗಿ ಸಭೆಯ ಹೆಂಗಸರ ವಿಷಯದಲ್ಲಿ ನಾನು ಹೇಳಿದ್ದೇ ಹೆಚ್ಚುಕಡಿಮೆ ಕೊನೆಯ ಮಾತಾಗಿತ್ತು.

ನಾನು ಬೆಳೆದದ್ದು ಮಿಷನ್ ಕಾಂಪೌಂಡಿನ ಬೋರ್ಡಿಂಗಿನಲ್ಲಿ. ಅಲ್ಲಿ ಶನಿವಾರ ಸಂಜೆಗೇ ನೀರು ತುಂಬಿ, ಅಕ್ಕಿ ಆರಿಸಿ, ಭಾನುವಾರದ ಬಟ್ಟೆ ಮಡಿಸಿ ಇಡಬೇಕಿತ್ತು. ಭಾನುವಾರ ಕರ್ತನ ವಿಶ್ರಾಂತಿಯ ದಿನ, ಸೂಜಿಗೆ ದಾರ ಪೋಣಿಸಿದರೂ ತಪ್ಪು. ಉಳಿದ ಹುಡುಗಿಯರು ಆಗಾಗ ಬೈಸಿಕೊಳ್ಳುತ್ತಿದ್ದರು. ನಾನು ಒಮ್ಮೆಯೂ ಬೈಸಿಕೊಳ್ಳಲಿಲ್ಲ. ಮದುವೆಯಾಗಿ, ಮಗಳು ಹುಟ್ಟಿ, ಬೆಂಗಳೂರಿಗೆ ಬಂದ ಮೇಲೂ ಆ ಹೆಮ್ಮೆ ನನ್ನೊಳಗೆ ಹಾಗೇ ಇತ್ತು. ಅದನ್ನು ನಾನು ಭಕ್ತಿ ಎಂದೇ ತಿಳಿದಿದ್ದೆ.

ನಮ್ಮ ಮನೆಯ ಹಿಂದೆ ಐದಾರು ಖಾಲಿ ಸೈಟುಗಳು. ಅವುಗಳ ಆಚೆ ಒಂದು ಹೆಂಚಿನ ಮನೆ. ಅಲ್ಲಿದ್ದವಳು ಮಾಗಡಿ ರಸ್ತೆ ಕಡೆಯ ಬಟ್ಟೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು, ನಮ್ಮ ಸಭೆಯವಳೇ. ಗಂಡ ರೈಲ್ವೆಯಲ್ಲಿ, ತಿಂಗಳಿಗೊಮ್ಮೆ ಮನೆಗೆ ಬರುವವನು. ಮನೆಯಲ್ಲಿ ಅತ್ತೆ ಇದ್ದಾರೆ, ಅವರಿಗೆ ಕಾಲುನೋವು ಎಂದು ಕೇಳಿದ್ದೆ. ಹೋಗಿ ನೋಡಿರಲಿಲ್ಲ. ನೋಡಿದ್ದು ಅವಳ ಹಗ್ಗವನ್ನು. ಪ್ರತಿ ಭಾನುವಾರ ಆರಾಧನೆ ಮುಗಿದ ಒಂದು ಗಂಟೆಯೊಳಗೆ ಆ ಹಗ್ಗದ ತುಂಬ ದುಪ್ಪಟಿ, ಹಳೇ ಸೀರೆ, ಚಿಂದಿ ಬಟ್ಟೆ ತೂಗಾಡುತ್ತಿದ್ದವು.

ಮೂರು ಭಾನುವಾರ ನೋಡಿದೆ. ನಾಲ್ಕನೆಯದು ಮುಗಿದ ಮೇಲೆ, ಗುರುವಾರ ಸ್ತ್ರೀಯರ ಕೂಟದಲ್ಲಿ, ನಾನು ಪ್ರಾರ್ಥನೆ ಮಾಡಿದೆ. "ಕರ್ತನೇ, ನಿನ್ನ ದಿನವನ್ನು ಹೊಲಸು ಮಾಡುವವರು ನಮ್ಮ ನಡುವೆಯೇ ಇದ್ದಾರೆ. ಅವರ ಕಣ್ಣು ತೆರೆಸು." ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಆ ಮಿಲ್ಲಿನವಳು ನನ್ನಿಂದ ಎರಡು ಮೊಳ ದೂರದಲ್ಲಿ ತಲೆ ಬಗ್ಗಿಸಿ ಕೂತಿದ್ದಳು, ನನ್ನ ಮಗಳು ನನ್ನ ಮಗ್ಗುಲಲ್ಲಿ. ದೇವರ ಕಡೆ ಮುಖ ಮಾಡಿ ಮನುಷ್ಯರಿಗೆ ಕಲ್ಲು ಹೊಡೆಯುವುದು ನನಗೆ ಚೆನ್ನಾಗಿ ರೂಢಿಯಾಗಿತ್ತು.

ಆಮೇಲೆ ಅಯ್ಯನವರಿಗೂ ಹೇಳಿದೆ. ಅವರು ಅವಳನ್ನು ಕರೆದು, ನನ್ನೆದುರಿಗೇ ಕೇಳಿದರು. "ಭಾನುವಾರ ಬಟ್ಟೆ ಒಗೀತೀಯಾಮ್ಮ?"

"ಒಗೀತೀನಿ ಅಯ್ಯನೋರೇ."

"ನಿಲ್ಲಿಸೋಕಾಗುತ್ತಾ?"

"ಆಗಲ್ಲ."

ಅಷ್ಟೇ ಮಾತು. ಸರಿಪಡಿಸಿಕೊಳ್ಳುವ ತನಕ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮುಂದೆ ಬರಬೇಡ ಎಂದರು. ಅವಳು "ಆಗಲಿ" ಎಂದಳು. ಮುಂದಿನ ಎರಡು ವಾರ ಬಾಗಿಲ ಹತ್ತಿರ ಕೂತು ಎದ್ದು ಹೋದಳು. ಮೂರನೆಯ ವಾರದಿಂದ ಬರಲಿಲ್ಲ. ಸಭೆ ಶುದ್ಧವಾಯಿತು ಎಂದು ನನಗೆ ಅನ್ನಿಸಿದ್ದು ನಿಜ. ಮುಚ್ಚಿಡುವುದಿಲ್ಲ.

ಒಂದು ಸಂಜೆ ಬೀದಿಯ ನಲ್ಲಿಯಲ್ಲಿ ನೀರು ಬಂದಿತ್ತು. ಒಂಬತ್ತು ವರ್ಷದ ನನ್ನ ಮಗಳು ಸಣ್ಣ ಬಿಂದಿಗೆ ಹಿಡಿದು ಸಾಲಿನಲ್ಲಿದ್ದಳು. ನಾನು ದೊಡ್ಡ ಕೊಡ ಹಿಡಿದು ನಾಲ್ಕು ಜನರ ಹಿಂದೆ ನಿಂತಿದ್ದೆ. ನಲ್ಲಿಯ ಹತ್ತಿರ ಮಿಲ್ಲಿನವಳ ಸರದಿ ಬಂದಿತ್ತು. ಮಗಳನ್ನು ನೋಡಿ ಅವಳು ತನ್ನ ಕೊಡ ಪಕ್ಕಕ್ಕೆ ಸರಿಸಿದಳು.

"ಬಾ ಪುಟ್ಟಿ, ಮೊದಲು ನೀನು ಹಿಡ್ಕೋ. ಕತ್ತಲಾಗ್ತಾ ಇದೆ."

ಮಗಳು ಎರಡು ಹೆಜ್ಜೆ ಹಿಂದೆ ಸರಿದಳು. ತಲೆಯನ್ನು ಸ್ವಲ್ಪ ಓರೆ ಮಾಡಿ, ದನಿ ತಗ್ಗಿಸಿ, "ಬೇಡ. ನೀವು ಕರ್ತನ ದಿನ ಹೊಲಸು ಮಾಡೋರು. ನಿಮ್ಮಿಂದ ಏನೂ ಇಸ್ಕೋಬಾರ್ದು" ಎಂದಳು.

ಅದು ನನ್ನ ದನಿ. ಆ ಓರೆ ಕುತ್ತಿಗೆ ನನ್ನದು. ಆ ನಿಧಾನ, ಆ ಮೃದುತನ ಕೂಡ ನನ್ನದೇ. ಮಿಲ್ಲಿನವಳು ಮಗಳ ಕೈಯಿಂದ ಬಿಂದಿಗೆ ತೆಗೆದುಕೊಂಡು, ತುಂಬಿಸಿ, ಕೆಳಗಿಟ್ಟು, ತನ್ನ ಕೊಡ ಹಿಡಿದಳು.

ಮಗಳನ್ನು ಎಳೆದುಕೊಂಡು ಮನೆಗೆ ಬಂದೆ. ಹೊಡೆಯಲು ಕೈ ಎತ್ತಿದೆ.

"ಯಾಕಮ್ಮಾ? ನೀವೇ ಪ್ರಾರ್ಥನೇಲಿ ಹಾಗಂದಿದ್ದು" ಎಂದಳು. ಅವಳ ಮುಖದಲ್ಲಿ ತುಂಟತನವಿರಲಿಲ್ಲ. ಕಲಿತ ಪಾಠ ಒಪ್ಪಿಸಿದ ಮಗುವಿನ ಮುಖ ಅದು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಸೆರಗಿನಲ್ಲಿ ಒರೆಸಿಕೊಂಡೆ.

ಮುಂದಿನ ಭಾನುವಾರ ಆರಾಧನೆ ಮುಗಿದ ತಕ್ಷಣ, ಗಂಡನಿಗೆ ಊಟ ಬಡಿಸಿಕೊಳ್ಳಲು ಹೇಳಿ, ಖಾಲಿ ಸೈಟುಗಳನ್ನು ದಾಟಿ ನಡೆದೆ. ಅರ್ಧ ದಾರಿಯಲ್ಲಿ ನಿಂತೆ. ಆದರೂ ಹೋದೆ.

ಅವಳು ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಮುಂದಿದ್ದಳು. ನನ್ನನ್ನು ನೋಡಿ ಎದ್ದು, ಕೈ ಒರೆಸಿಕೊಂಡು, "ಬನ್ನಿ ಅಕ್ಕ" ಎಂದಳು. ಒಳಗೆ ಹೋದರೆ ಮೊದಲು ಬಡಿದದ್ದು ವಾಸನೆ. ಗೋಡೆಯ ಪಕ್ಕ ಮಂಚದ ಮೇಲೆ ಅವಳ ಅತ್ತೆ. ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಎಲ್ಲವೂ ಹಾಸಿಗೆಯಲ್ಲೇ. ಪಕ್ಕದಲ್ಲಿ ಹಣೆಗೆ ವಿಭೂತಿ ಧರಿಸಿದ ಒಬ್ಬ ಅಜ್ಜಿ ಕೂತು ಆಕೆಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ತುಮಕೂರಿನ ಆಚೆಯಿಂದ ಬಂದ ಲಿಂಗಾಯತರು, ಪಕ್ಕದ ಮನೆಯವರು.

"ನಾನು ಮಿಲ್ಲಿಗೆ ಹೋದಾಗ ಇವರೇ ನೋಡ್ಕೊಳ್ಳೋದು" ಎಂದಳು. "ಸೋಮವಾರದಿಂದ ಶನಿವಾರದ ತನಕ ಬಟ್ಟೇನೂ ಇವರೇ ಒಗೀತಾರೆ. ಬೇಡ ಅಂದ್ರೂ ಕೇಳಲ್ಲ. ಭಾನುವಾರ ಒಂದಿನ ನನಗೆ ರಜ. ಅವತ್ತಾದ್ರೂ ಇವರಿಗೆ ಬಿಡುವು ಬೇಡ್ವಾ ಅಕ್ಕ?"

ಅಜ್ಜಿ ನಕ್ಕರು. "ಬಿಡುವು ಏನ್ ಮಾಡಾದು ತಾಯಿ. ಅದ್ಕೇ ಇಲ್ಲೇ ಬಂದು ಕುಂತೀನಿ."

ಏಳನೆಯ ದಿನದ ವಿಶ್ರಾಂತಿಯ ಬಗ್ಗೆ ನಾನು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದ್ದೆ. ಇಲ್ಲಿ ಒಬ್ಬಳು ತನ್ನ ವಿಶ್ರಾಂತಿಯನ್ನು ಎತ್ತಿ ಇನ್ನೊಬ್ಬಳ ಕೈಗೆ ಕೊಡುತ್ತಿದ್ದಳು. ಅದಕ್ಕೆ ನಾನು ಅವಳಿಗೆ ರೊಟ್ಟಿ, ದ್ರಾಕ್ಷಾರಸ ತಪ್ಪಿಸಿದ್ದೆ.

"ಅವತ್ತು ಅಯ್ಯನೋರ ಮುಂದೆ ಯಾಕೆ ಹೇಳ್ಲಿಲ್ಲ?" ಎಂದೆ.

"ಒಗೀತೀಯಾ ಅಂತ ಕೇಳಿದ್ರಿ. ಹೌದು ಅಂದೆ. ಯಾಕೆ ಅಂತ ನೀವಿಬ್ರೂ ಕೇಳ್ಲಿಲ್ಲ." ಅತ್ತೆಯ ಹೊದಿಕೆ ಸರಿಮಾಡುತ್ತ, "ಅತ್ತೆ ತುಂಬ ಮರ್ಯಾದೆಯಾಗಿ ಬದುಕಿದೋರು. ಅವರ ಹಾಸಿಗೆ ಸಂಗತಿ ಎಲ್ಲರ ಮುಂದೆ ನಾನೇ ಎತ್ತಬೇಕಿತ್ತಾ?" ಎಂದಳು.

ನಾನು ಹಿತ್ತಲಿಗೆ ಹೋಗಿ ಸೆರಗು ಸಿಕ್ಕಿಸಿಕೊಂಡು ಕಲ್ಲಿನ ಮುಂದೆ ಕೂತೆ. ಅವಳು ಬಂದು ಸೋಪಿನ ತುಂಡು ಕಿತ್ತುಕೊಳ್ಳಲು ನೋಡಿದಳು. "ಬೇಡ ಅಕ್ಕ. ಇವತ್ತು ಭಾನುವಾರ." ಆ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೋಪು ಬಿಡಲಿಲ್ಲ. ನಾಲ್ಕು ದುಪ್ಪಟಿ ಒಗೆದೆ. ಎರಡನೆಯದರ ವಾಸನೆ ತಾಳದೆ ಎದ್ದು ಉಸಿರು ತೆಗೆದುಕೊಂಡು ಮತ್ತೆ ಕೂತೆ.

ವಾರದ ನಡುವೆ ಬಸ್ಸು ಹಿಡಿದು ಅಯ್ಯನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು, "ನನ್ನದೂ ತಪ್ಪಿದೆ. ಇಬ್ಬರೂ ಅವರ ಮನೆಗೆ ಹೋಗಿ ಕ್ಷಮೆ ಕೇಳೋಣ" ಎಂದರು.

"ಅದು ಸಾಲದು. ಸಭೆಯಲ್ಲಿ ಹೇಳ್ತೀನಿ."

"ಅಷ್ಟು ಬೇಕಾಮ್ಮ? ಸಭೆ ಇನ್ನೂ ಎಳೇದು. ಜನ ಒಡೀತಾರೆ."

"ದೂರಿದ್ದು ಎಲ್ಲರ ಮುಂದೆ ಅಯ್ಯನೋರೇ. ತಪ್ಪೊಪ್ಪಿಗೆ ಮಾತ್ರ ಗುಟ್ಟಾಗಿ ಯಾಕೆ?"

ಮೊದಲು ಅವಳ ಒಪ್ಪಿಗೆ ಕೇಳಿದೆ. ಅತ್ತೆಯ ವಿಷಯ ಎತ್ತಕೂಡದು ಎಂದಳು. ಎತ್ತಲಿಲ್ಲ. ಆ ಭಾನುವಾರ ಚಾಪೆಯಿಂದ ಎದ್ದು ನಿಂತು, ಗೋಡೆ ಹಿಡಿದುಕೊಂಡು, ಹೇಳಿದೆ. "ನಾನು ಒಬ್ಬಳ ಮೇಲೆ ಏನೂ ವಿಚಾರಿಸದೆ ತಪ್ಪು ಹೊರಿಸಿದೆ. ಪ್ರಾರ್ಥನೆಯ ಹೆಸರಿನಲ್ಲಿ ಅವಳಿಗೆ ಅವಮಾನ ಮಾಡಿದೆ. ಅವಳನ್ನು ಇಲ್ಲಿಂದ ಹೊರಗೆ ಹಾಕಿದ್ದು ನಾನು. ನಾನು ಕಲಿಸಿದ್ದನ್ನೇ ನನ್ನ ಮಗಳು ಕಲಿತಿದ್ದಾಳೆ. ಕ್ಷಮಿಸಿ." ಅವಳು ಬಂದಿರಲಿಲ್ಲ. ಮಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು.

ಅಯ್ಯನವರು ಹೆದರಿದಂತೆಯೇ ಆಯಿತು. ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾಗಿದ್ದ ಒಬ್ಬ ಹಿರಿಯರು, "ಭಾನುವಾರಾನ ಹೀಗೆ ಬಿಟ್ಟುಕೊಟ್ರೆ ನಾಳೆ ಇನ್ನೇನು ಉಳಿಯುತ್ತೆ" ಎಂದು ಹೇಳಿ ಬರುವುದನ್ನು ನಿಲ್ಲಿಸಿದರು.

ನಾನು ವಾರ ಬಿಟ್ಟು ವಾರ ಹೆಂಚಿನ ಮನೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಒಂದು ದಿನ ಇಬ್ಬರೂ ದುಪ್ಪಟಿಯ ಎರಡು ತುದಿ ಹಿಡಿದು ಹಿಂಡುತ್ತಿದ್ದಾಗ ಆ ಹಿರಿಯರ ಮಾತು ತೆಗೆದೆ. "ಅಂಥೋರಿಗೆ ನಿಯಮಾನೇ ದೇವರು. ಕರುಣೆ ಅನ್ನೋದು ಗೊತ್ತಿಲ್ಲ" ಎಂದು ನಕ್ಕೆ.

ಅವಳು ನಗಲಿಲ್ಲ. "ಅವರ ಮನೆಗೆ ಹೋಗಿದ್ರಾ ಅಕ್ಕ?" ಎಂದಳು.

ಹೋಗಿರಲಿಲ್ಲ. ನಾನು ಬದಲಾಗಿದ್ದೇನೆ ಎಂದುಕೊಂಡಿದ್ದೆ. ಬದಲಾಗಿದ್ದು ನಾನು ಕೀಳಾಗಿ ನೋಡುವ ಜನ ಮಾತ್ರ.

ಮರುದಿನವೇ ಹೋದೆ. ಅವರು ಒಬ್ಬರೇ ಇದ್ದರು. ಬಾಗಿಲು ತೆರೆದು, ಕುರ್ಚಿ ತೋರಿಸಿ, ತಾವು ನಿಂತೇ ಇದ್ದರು. ನಾನು ವಾದಕ್ಕೆ ಬಂದಿದ್ದೇನೆ ಎಂದುಕೊಂಡಿದ್ದರೇನೋ. "ನಿಮ್ಮ ಬಗ್ಗೆ ಹಗುರವಾಗಿ ಮಾತಾಡಿದೆ. ಅದನ್ನ ಹೇಳೋಕೆ ಬಂದೆ" ಎಂದೆ.

ಅವರು ಕೂತರು. "ನನ್ನಾಕೆ ಇದ್ದಾಗ ಭಾನುವಾರ ಒಲೆ ಹಚ್ತಿರಲಿಲ್ಲ. ಇಬ್ಬರೂ ತಣ್ಣನೆ ಅನ್ನ ತಿಂದು, ಬಾಗಿಲಲ್ಲಿ ಕೂತು ಹಾಡ್ತಿದ್ವಿ. ಅವಳು ಹೋದ ಮೇಲೆ ನಾನು ಹಿಡ್ಕೊಂಡಿರೋದು ಅದೊಂದನ್ನೇ. ನೀವು ಎದ್ದು ನಿಂತು ಮಾತಾಡಿದಾಗ ಅದೂ ತಪ್ಪು ಅಂದ ಹಾಗೆ ಕೇಳಿಸ್ತು" ಎಂದರು.

"ಹಾಗಂದಿಲ್ಲ. ನನ್ನ ಮನೇಲಿ ನಾನೂ ಭಾನುವಾರ ಸೂಜಿ ಮುಟ್ಟಲ್ಲ. ಅದು ನನ್ನದು, ಇರಲಿ. ಇನ್ನೊಬ್ಬರಿಗೆ ಅದರಿಂದ ಹೊಡೆಯೋದನ್ನ ಬಿಡ್ತಾ ಇದೀನಿ. ಆ ಚಾಳಿ ಅಷ್ಟು ಸುಲಭವಾಗಿ ನನ್ನನ್ನ ಬಿಡ್ತಾ ಇಲ್ಲ."

ಅದಕ್ಕವರು ನಕ್ಕುಬಿಟ್ಟರು. ಎರಡು ವಾರದ ಮೇಲೆ ಸಭೆಗೆ ಬಂದರು.

ಮಿಲ್ಲಿನವಳು ಬೇಗ ಬರಲಿಲ್ಲ. ನಾನು ಕರೆಯಲೂ ಇಲ್ಲ. ಆ ಹಕ್ಕು ನನಗಿಲ್ಲ ಎಂದು ಗೊತ್ತಿತ್ತು. ಅಯ್ಯನವರೇ ಒಂದು ಭಾನುವಾರ ಕರ್ತನ ಭೋಜನದ ರೊಟ್ಟಿ, ಬಟ್ಟಲು ಹಿಡಿದು ಅವಳ ಮನೆಗೆ ಹೋದರು. ನಾನೂ ಮಗಳೂ ಜೊತೆಗಿದ್ದೆವು. ಮಂಚದ ಪಕ್ಕ ಮೊದಲು ಅವರು ಅವಳಲ್ಲಿ ಕ್ಷಮೆ ಕೇಳಿದರು. ಮಗಳಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಅವಳೇ ಹೋಗಿ ಮಿಲ್ಲಿನವಳ ಕೈ ಹಿಡಿದು ನಿಂತಳು. ಅತ್ತೆಯ ಸೊಟ್ಟ ಬಾಯಿಗೆ ಸೊಸೆ ಒಂದು ಚೂರು ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ನೆನೆಸಿ ಇಟ್ಟಳು. ಆಮೇಲೆ ತಾನು ತೆಗೆದುಕೊಂಡಳು.